ಈ ನೀರು ಎಲ್ಲಿಗೆ ಹೋಗಬೇಕು? ಚಿಕ್ಕಬಳ್ಳಾಪುರದ ಒಂದು ಹಿತ್ತಲಿಗೆ ಕಲ್ಲು ಹಾಸಿದ ಪ್ರಕರಣ

ನಮ್ಮ ಮನೆ ಇರುವುದು ಚಿಕ್ಕಬಳ್ಳಾಪುರದಲ್ಲಿ, ಬಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ. ಅಪ್ಪ ಮೇಷ್ಟ್ರಾಗಿದ್ದಾಗ ಕಟ್ಟಿಸಿದ ಮನೆ. ಅಡುಗೆಮನೆ ಬಾಗಿಲು ತೆಗೆದರೆ ಹಿತ್ತಲು. ಒಂದು ತೆಂಗಿನ ಮರ, ಕರಿಬೇವು, ಮೂಲೆಯಲ್ಲಿ ಬಾಳೆ, ಪಾತ್ರೆ ತೊಳೆಯುವ ಕಲ್ಲು. ಉಳಿದದ್ದೆಲ್ಲ ಮಣ್ಣು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. 2021ರ ನವೆಂಬರ್‌ನಲ್ಲಿ ಜಿಲ್ಲೆಯ ಕೆರೆಗಳೆಲ್ಲ ಕೋಡಿ ಹರಿದವಲ್ಲ, ಆಗ ಅಡುಗೆಮನೆ ಮೆಟ್ಟಿಲ ಬುಡದಲ್ಲಿ ಮೂರು ದಿನ ನೀರು ನಿಂತಿತ್ತು. ಆಮೇಲೆ ಒಳಗಿನ ಗೋಡೆಯಲ್ಲಿ ಒಂದಡಿ ಎತ್ತರಕ್ಕೆ ತೇವ ಏರಿ ಬಣ್ಣ ಉದುರಿತು. ಆಗಲೂ ನಾವು ಏನೂ ಮಾಡಲಿಲ್ಲ.

2024ರ ಆಗಸ್ಟ್‌ನಲ್ಲಿ ಅಮ್ಮ ಅದೇ ಮೆಟ್ಟಿಲ ಹತ್ತಿರ ಪಾಚಿಯ ಮೇಲೆ ಕಾಲಿಟ್ಟು ಜಾರಿದರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಮಣಿಕಟ್ಟು ಎರಡು ವಾರ ಊದಿಕೊಂಡಿತ್ತು. ಅಪ್ಪನಿಗೆ ಮೊದಲೇ ಮಂಡಿನೋವು. ಹಿತ್ತಲನ್ನು ಗಟ್ಟಿ ಮಾಡಿಸಿ, ಸಂಜೆ ಕುರ್ಚಿ ಹಾಕಿಕೊಂಡು ಕೂರುವ ಹಾಗೆ ಮಾಡೋಣ ಅಂತ ಆಗ ನಿರ್ಧಾರವಾಯಿತು. ಇದನ್ನೇ ಈಗ ಪ್ಯಾಟಿಯೋ ಅಂತಾರೆ. ನಾನು ಕೆಲಸ ಮಾಡುವುದು ಬೆಂಗಳೂರಿನಲ್ಲಿ. ಶನಿವಾರ, ಭಾನುವಾರ ಊರಿಗೆ ಬರುತ್ತೇನೆ. ಉಸ್ತುವಾರಿ ನನ್ನ ತಲೆಗೆ ಬಂತು.

ಜಾಗದ ಅಳತೆ ಮೊದಲೇ ಹೇಳಿಬಿಡುತ್ತೇನೆ. ಮನೆ ಗೋಡೆಯ ಉದ್ದಕ್ಕೆ 20 ಅಡಿ, ಗೋಡೆಯಿಂದ ಆಚೆಗೆ 12 ಅಡಿ. ಒಟ್ಟು 240 ಚದರಡಿ. ಮನೆಯ ನೆಲ ಹಿತ್ತಲಿನ ಮಣ್ಣಿಗಿಂತ 18 ಇಂಚು ಎತ್ತರ.

ಮೊದಲ ಪ್ರಯತ್ನ

ಟೈಲ್ಸ್ ಅಂಗಡಿಯವರೊಬ್ಬರು ಒಬ್ಬ ಕಾಂಟ್ರಾಕ್ಟರ್ ಹೆಸರು ಕೊಟ್ಟರು. ಅವರು ಬೈಕ್‌ನಲ್ಲಿ ಬಂದು, ಟೇಪ್ ಹಿಡಿದು, ಹತ್ತೇ ನಿಮಿಷದಲ್ಲಿ ರೇಟು ಹೇಳಿದರು. ಚದರಡಿಗೆ 85 ರೂಪಾಯಿ, ಮೆಟೀರಿಯಲ್ ಸಮೇತ, ಪಾರ್ಕಿಂಗ್ ಟೈಲ್ಸ್, ಮೂರು ದಿನದ ಕೆಲಸ. 20,400 ರೂಪಾಯಿ. ಅಗ್ಗ ಅನ್ನಿಸಿತು. ಕೇಳಿದ ತಕ್ಷಣ 10,000 ಅಡ್ವಾನ್ಸ್ ಕೊಟ್ಟೆ. ಒಂದು ಚೀಟಿ ಕೂಡ ಬರೆಸಿಕೊಳ್ಳಲಿಲ್ಲ.

ಸೆಪ್ಟೆಂಬರ್ ಎರಡನೇ ವಾರ ಇಬ್ಬರು ಆಳು ಬಂದು ಮೇಲಿನ ಮಣ್ಣನ್ನು ನಾಲ್ಕೈದು ಇಂಚು ಕೆರೆದು ತೆಂಗಿನ ಬುಡಕ್ಕೆ ಹಾಕಿದರು. ಮಾರನೇ ದಿನದಿಂದ ಯಾರೂ ಇಲ್ಲ. ಫೋನ್ ಮಾಡಿದರೆ "ನಾಳೆ ಬರ್ತೀವಿ" ಅನ್ನುವುದು, ಆಮೇಲೆ ಫೋನ್ ಎತ್ತದೇ ಇರುವುದು. ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿತ್ತು ಅಂತ ಆಮೇಲೆ ಗೊತ್ತಾಯಿತು. ನಮ್ಮ ಕಡೆ ಮಳೆ ಜಾಸ್ತಿ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕೆರೆದ ಜಾಗ ಬಟ್ಟಲಿನ ಹಾಗಾಗಿತ್ತು. ಅಕ್ಟೋಬರ್ ಮಳೆಗೆ ಅದರಲ್ಲಿ ನೀರು ತುಂಬಿ ಪಾಯದ ಪಕ್ಕದಲ್ಲೇ ನಿಂತಿತು. ಅಮ್ಮ ಬಕೆಟ್‌ನಲ್ಲಿ ಎತ್ತಿ ಎತ್ತಿ ಬಾಳೆ ಬುಡಕ್ಕೆ ಸುರಿಯುತ್ತಿದ್ದರು. ಆ ಕೆಲಸ ಅವರ ಕೈಗೆ ಬಂದದ್ದು ನನ್ನ ಆತುರದಿಂದ. ಅದು ಈಗಲೂ ನೋವು.

ನಾಲ್ಕು ಸಲ ಮನೆ ಬಾಗಿಲಿಗೆ ಹೋದ ಮೇಲೆ 4,000 ವಾಪಸ್ ಬಂತು. ಉಳಿದ 6,000 "ಆಳಿನ ಕೂಲಿ" ಅಂದರು. ಕಾಗದ ಇಲ್ಲದ್ದರಿಂದ ಏನು ಕೆಲಸ, ಎಷ್ಟು ದಿನ ಅನ್ನುವುದನ್ನು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅಲ್ಲಿಗೆ ಬಿಟ್ಟೆ.

ಏನು ಹಾಸುವುದು

ಮಳೆ ಮುಗಿಯುವವರೆಗೆ ಕಾಯಬೇಕಿತ್ತು. ಆ ಸಮಯವನ್ನು ಯೋಚನೆಗೆ ಬಳಸಿಕೊಂಡೆವು. ಮೊದಲೇ ಮಾಡಬೇಕಿದ್ದ ಕೆಲಸ ಅದು, ಅಲ್ವಾ?

ಮೊದಲು ಅಮ್ಮನನ್ನು ಕೂರಿಸಿ ಕೇಳಿದೆ, ನಿಮಗೆ ಅಲ್ಲಿ ಏನೇನು ಮಾಡಬೇಕು ಅಂತ. ಅವರ ಪಟ್ಟಿಯಲ್ಲಿ ಕೂರುವುದು ಕೊನೆಗೆ ಬಂತು. ರಾಗಿ, ಹುರುಳಿ ಒಣಗಿಸಬೇಕು. ಸಂಡಿಗೆ ಇಡಬೇಕು. ಪಾತ್ರೆ ಕಲ್ಲು ಅಲ್ಲೇ ಇರಬೇಕು. ಮಧ್ಯಾಹ್ನ ಎರಡು ಗಂಟೆಗೂ ಬರಿಗಾಲಲ್ಲಿ ನಡೆಯುವ ಹಾಗಿರಬೇಕು. ಈ ಕೊನೆಯ ಮಾತಿನಿಂದ ಕಡಪ ಕಲ್ಲು ಹೊರಗೆ ಹೋಯಿತು. ಕಪ್ಪು ಕಲ್ಲು ಬಿಸಿಲನ್ನು ಹೀರಿಕೊಂಡು ಕಾಲು ಸುಡುತ್ತದೆ. ನುಣುಪಾದ ಟೈಲ್ಸ್ ಒದ್ದೆಯಾದರೆ ಜಾರುತ್ತದೆ, ಅದೂ ಬೇಡ.

ಇಂಟರ್‌ಲಾಕ್ ಬ್ಲಾಕ್ ಬಗ್ಗೆ ಗಂಭೀರವಾಗಿಯೇ ಯೋಚಿಸಿದೆ. ಓಡಾಡುವ ಜಾಗಕ್ಕೆ 60 ಎಂಎಂ ದಪ್ಪದ್ದು ಸಾಕು. ಮರಳಿನ ಹಾಸಿನ ಮೇಲೆ ಕೂರಿಸುವುದರಿಂದ ಸಂದಿನಲ್ಲಿ ಸ್ವಲ್ಪ ನೀರೂ ಇಂಗುತ್ತದೆ. ಎಲ್ಲಾದರೂ ಕುಸಿದರೆ ಅಷ್ಟು ಬ್ಲಾಕ್ ಎತ್ತಿ ಮತ್ತೆ ಕೂರಿಸಬಹುದು. ಒಬ್ಬರು ಚದರಡಿಗೆ 110 ಹೇಳಿದ್ದರು. ಬೇರೆ ಮನೆಯವರಿಗೆ ನಾನು ಇದನ್ನೇ ಹೇಳಿಯೇನು. ಆದರೆ ಅಮ್ಮ ಒಂದೇ ಮಾತು ಅಂದರು: "ಸಂದಿಗೆ ಬಿದ್ದ ರಾಗೀನ ನೀನು ಬಂದು ಆಯ್ತೀಯಾ?"

ಅಪ್ಪನದು ಮೊದಲಿನಿಂದಲೂ ಊರ ಕಲ್ಲು. "ನಂದಿಗೆ ಹೋಗಿ ಭೋಗನಂದೀಶ್ವರನ ದೇವಸ್ಥಾನದ ಅಂಗಳ ನೋಡ್ಕೊಂಡು ಬಾ. ಎಷ್ಟು ಜನ ಓಡಾಡ್ತಾರೆ!" ಸುತ್ತ ಎಲ್ಲ ಗ್ರಾನೈಟ್ ಬೆಟ್ಟಗಳ ಊರು ನಮ್ಮದು. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಬೂದು ಬಣ್ಣ, ಮೇಲ್ಮೈ ಒರಟು. ಕಾಲಿಗೆ ಹಿಡಿತ ಸಿಗುತ್ತದೆ, ಕಪ್ಪು ಕಲ್ಲಿನಷ್ಟು ಸುಡುವುದಿಲ್ಲ. ಎರಡು ಇಂಚು ದಪ್ಪದ ಚಪ್ಪಡಿ ಹಾಸುವುದು ಅಂತ ತೀರ್ಮಾನವಾಯಿತು.

ಒಂದು ಬಕೆಟ್ ನೀರು

ಪಕ್ಕದ ಬೀದಿಯಲ್ಲಿ ಮನೆ ಕೆಲಸ ನಡೆಯುತ್ತಿತ್ತು. ಅಲ್ಲಿನ ಗಾರೆ ಕೆಲಸ ಅಪ್ಪನಿಗೆ ಇಷ್ಟವಾಗಿ, ಆ ಮೇಸ್ತ್ರಿಯನ್ನು ಕರೆದರು. ಐವತ್ತು ದಾಟಿದ ಮನುಷ್ಯ. ಅಪ್ಪನ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಬೆಳಿಗ್ಗೆ ಆರೂವರೆಗೇ ಬಂದರು.

ಟೇಪ್ ತೆಗೆಯಲಿಲ್ಲ. "ಅಮ್ಮ, ಒಂದು ಬಕೆಟ್ ನೀರು ಕೊಡಿ" ಅಂದರು. ಮೆಟ್ಟಿಲ ಮೇಲೆ ನಿಂತು ನಿಧಾನವಾಗಿ ಸುರಿದರು. ನೀರು ಎಲ್ಲೂ ಹರಿಯದೆ ಅಲ್ಲೇ ಹರಡಿ ಗೋಡೆಯ ಕಡೆಗೇ ತಿರುಗಿತು. ಆಗ ನನ್ನನ್ನು ಕೇಳಿದರು: "ಅಕ್ಕ, ಕಲ್ಲು ಯಾವುದಾದ್ರೂ ಹಾಕೋಣ. ಈ ನೀರು ಎಲ್ಲಿಗೆ ಹೋಗ್ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೂ ಮೊದಲು ಬಂದು ನೋಡಿದ ಇಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಈ ಮೇಸ್ತ್ರಿಯನ್ನೇ ಕೆಲಸಕ್ಕೆ ಇಟ್ಟುಕೊಳ್ಳಬೇಕು ಅಂತ ನನಗೆ ಅನ್ನಿಸಿದ್ದು ಆ ಕ್ಷಣದಲ್ಲಿ.

ಮುಂದಿನ ಬೀದಿಯ ಚರಂಡಿಗೆ ಬಿಡೋಣ ಅಂದೆ. ಮೇಸ್ತ್ರಿ ಲೆವೆಲ್ ಪೈಪ್ ತಂದರು. ಒಳಗಿನ ನೀರು ಕಾಣುವ ಸಣ್ಣ ಪೈಪು ಅದು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅದರಿಂದ ದೂರದ ಎರಡು ಜಾಗದ ಎತ್ತರ ಹೋಲಿಸಬಹುದು. ಮನೆ ಪಕ್ಕದ ಸಂದಿಯಲ್ಲಿ 55 ಅಡಿ ಎಳೆದು ನೋಡಿದರೆ, ಚರಂಡಿಯ ತಳ ನಮ್ಮ ಹಿತ್ತಲಿಗಿಂತ ಒಂದೇ ಒಂದು ಇಂಚು ಕೆಳಗಿತ್ತು. ಅಷ್ಟು ದೂರಕ್ಕೆ ಕಡಿಮೆ ಅಂದರೂ ಆರೇಳು ಇಂಚು ಇಳಿಜಾರು ಬೇಕು. ಅಪ್ಪ ಮನೆ ಕಟ್ಟಿಸಿದಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಗೇಟಿಗೆ ಬರಬೇಕಿತ್ತು. ಹಳೇ ಟಾರಿನ ಮೇಲೆ ಹೊಸ ಟಾರು ಹಾಕುತ್ತಾ ಹಾಕುತ್ತಾ ರಸ್ತೆ ಮೇಲೆ ಬಂತು, ಚರಂಡಿಯೂ ಅದರ ಜೊತೆ ಎದ್ದಿತು. ಈಗ ಗೇಟಿನಿಂದ ಒಂದು ಮೆಟ್ಟಿಲು ಕೆಳಗಿಳಿದು ಮನೆಗೆ ಬರುತ್ತೇವೆ. ನಮ್ಮ ಬೀದಿಯ ಹಳೇ ಮನೆಗಳೆಲ್ಲ ಹೀಗೇ ತಗ್ಗಿಗೆ ಬಿದ್ದಿವೆ.

ಹಾಗಾದರೆ ನೀರು ಹಿತ್ತಲಲ್ಲೇ ಇಂಗಬೇಕು. ಎಷ್ಟು ನೀರು? ಕೂತು ಲೆಕ್ಕ ಹಾಕಿದೆ. 240 ಚದರಡಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ 20 ಘನ ಅಡಿ ನೀರು, ಅಂದರೆ ಸುಮಾರು 566 ಲೀಟರ್. ಮಣ್ಣಿದ್ದಾಗ ಅದರಲ್ಲಿ ಸ್ವಲ್ಪ ಭೂಮಿಗೆ ಹೋಗುತ್ತಿತ್ತು. ಕಲ್ಲು ಹಾಸಿದ ಮೇಲೆ ಪೂರ್ತಿ ಒಂದು ಕಡೆಗೆ ನುಗ್ಗುತ್ತದೆ. ಮೇಸ್ತ್ರಿ ಹೇಳಿದ ಇಂಗುಗುಂಡಿ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಐದು ಅಡಿ ಆಳ. ದಪ್ಪ ಕಲ್ಲು, ಜಲ್ಲಿ ತುಂಬಿದರೂ ಸಂದುಗಳಲ್ಲಿ ಸುಮಾರು ನೂರಕ್ಕೆ ನಲವತ್ತು ಭಾಗ ಖಾಲಿ ಉಳಿಯುತ್ತದೆ. 80 ಘನ ಅಡಿಯಲ್ಲಿ 32 ಘನ ಅಡಿ, 900 ಲೀಟರ್ ಹಿಡಿಯುತ್ತದೆ. ಒಂದೂವರೆ ಇಂಚು ಮಳೆಯವರೆಗೆ ತೊಂದರೆ ಇಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಬಾಳೆ ಪಾತಿಗೆ ಉಕ್ಕಲಿ.

ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗದ ಜಿಲ್ಲೆ ನಮ್ಮದು. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಡೆಯ ಕೊಳಚೆ ನೀರನ್ನು ಶುದ್ಧಮಾಡಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ತುಂಬಿಸುವ ಸ್ಥಿತಿ ಬಂದಿದೆ. ನಮ್ಮ ಹಿತ್ತಲಿಗೆ ಬಿದ್ದ ಮಳೆ ನಮ್ಮ ಹಿತ್ತಲಿಗೇ ಇಳಿಯುತ್ತದೆ ಅನ್ನುವುದು ನನಗೆ ಕಲ್ಲಿಗಿಂತ ದೊಡ್ಡ ಖುಷಿ ಕೊಟ್ಟಿತು.

ಎರಡು ಷರತ್ತು ಮೇಸ್ತ್ರಿಯೇ ಹಾಕಿದರು. ಒಂದು, ಗುಂಡಿ ಪಾಯದಿಂದ ಹತ್ತಡಿ ಆಚೆ ಇರಬೇಕು. ಇನ್ನೊಂದು, ಪಾತ್ರೆ ತೊಳೆದ ಸೋಪಿನ ನೀರು ಅದಕ್ಕೆ ಬರಕೂಡದು. ಜಿಡ್ಡು ಸೇರಿದರೆ ಗುಂಡಿ ಬೇಗ ಕಟ್ಟಿಕೊಳ್ಳುತ್ತದೆ. ಪಾತ್ರೆ ಕಲ್ಲನ್ನು ಬಚ್ಚಲಿನ ಚೇಂಬರ್‌ಗೆ ಸೇರಿಸಬೇಕು. ಮಾಳಿಗೆ ನೀರನ್ನೂ ಗುಂಡಿಗೆ ಬಿಡುವುದಿಲ್ಲ, ಅದು ಬೇರೆ ಪೈಪಿನಲ್ಲಿ ನೀರಿನ ಸಂಪ್‌ಗೆ ಹೋಗುತ್ತದೆ.

ರೇಟು, ಲೆಕ್ಕ, ಕಾಗದ

ಮೇಸ್ತ್ರಿ ಲೇಬರ್ ಮಾತ್ರ ಹೇಳಿದರು. ಬೆಡ್ ಕಾಂಕ್ರೀಟ್ ಹಾಕಿ ಕಲ್ಲು ಕೂರಿಸಲು ಚದರಡಿಗೆ 75, ಅಂದರೆ 18,000. ಮೋರಿ, ಇಂಗುಗುಂಡಿ, ಎರಡು ಮೆಟ್ಟಿಲಿಗೆ ಒಟ್ಟು 9,000. ಮೆಟೀರಿಯಲ್ ನಮ್ಮದು. ಮೊದಲ ಕಾಂಟ್ರಾಕ್ಟರ್ 85ಕ್ಕೆ ಎಲ್ಲ ಮುಗಿಸುತ್ತೇನೆ ಅಂದಿದ್ದರು, ಇವರು ಲೇಬರಿಗೇ 75 ಕೇಳುತ್ತಿದ್ದಾರೆ. ಅಪ್ಪ ಸ್ವಲ್ಪ ಹಿಂಜರಿದರು. ಆದರೆ ಎರಡು ರೇಟಿನ ಒಳಗೆ ಇರುವ ಕೆಲಸವೇ ಬೇರೆ. ಆ 85ರಲ್ಲಿ ಕೆಳಗಿನ ಕಾಂಕ್ರೀಟ್ ಇರಲಿಲ್ಲ, ಇಳಿಜಾರು ಇರಲಿಲ್ಲ, ನೀರಿಗೆ ದಾರಿ ಇರಲಿಲ್ಲ. ಸಡಿಲ ಮಣ್ಣಿನ ಮೇಲೆ ಟೈಲ್ಸ್ ಅಂಟಿಸಿದ್ದರೆ ಒಂದೇ ಮಳೆಗಾಲಕ್ಕೆ ಎದ್ದುಬರುತ್ತಿತ್ತು.

ಸಿಮೆಂಟ್ ಎಷ್ಟು ಬೇಕು ಅನ್ನುವುದನ್ನು ಮೇಸ್ತ್ರಿ ಹೇಳುವ ಮೊದಲು ನಾನೇ ಹಾಕಿ ನೋಡಿದೆ. ಮನೆ ಕೆಲಸ ಮಾಡಿಸುವ ಯಾರಾದರೂ ಈ ಲೆಕ್ಕ ಕಲಿಯಬೇಕು, ಕಷ್ಟವಿಲ್ಲ. ನಾಲ್ಕು ಇಂಚು ಕಾಂಕ್ರೀಟ್ ಅಂದರೆ 80 ಘನ ಅಡಿ. ಒಣ ಮಾಲು ಅದರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು, ಸುಮಾರು 123 ಘನ ಅಡಿ. ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಎಂಟು ಪಾಲು ಜಲ್ಲಿ. ಹದಿಮೂರು ಪಾಲಿನಲ್ಲಿ ಒಂದು ಪಾಲು ಒಂಬತ್ತೂವರೆ ಘನ ಅಡಿ. 50 ಕೆಜಿ ಮೂಟೆಯಲ್ಲಿ ಸುಮಾರು ಒಂದೂಕಾಲು ಘನ ಅಡಿ ಸಿಮೆಂಟ್ ಇರುತ್ತದೆ. ಎಂಟು ಮೂಟೆ ಆಯಿತು. ಕಲ್ಲಿನ ಕೆಳಗಿನ ಒಂದೂವರೆ ಇಂಚು ಗಾರೆಗೆ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಎಂ-ಸ್ಯಾಂಡ್‌ನಂತೆ, ಇನ್ನು ಐದು ಮೂಟೆ. ಸಂದು, ಮೋರಿ, ಮೆಟ್ಟಿಲಿಗೆ ಏಳು. ಒಟ್ಟು 20. ಮೇಸ್ತ್ರಿ ಬಾಯಲ್ಲೂ "ಇಪ್ಪತ್ತು ತರಿಸಿ, ಬೇಕಾದ್ರೆ ಒಂದೆರಡು ನೋಡೋಣ" ಅಂತ ಬಂದಾಗ ನಂಬಿಕೆ ಗಟ್ಟಿಯಾಯಿತು.

ಈ ಸಲ ಕಾಗದ ಬರೆದೆವು. ಲೆಡ್ಜರ್ ಹಾಳೆ, ಅಪ್ಪನ ಕೈಬರಹ, ಕನ್ನಡದಲ್ಲಿ. ಜಾಗದ ಅಳತೆ. ಕಾಂಕ್ರೀಟ್ ದಪ್ಪ, ಮಾಲಿನ ಪಾಲು. ವಾಟ, ಅಂದರೆ ನೀರು ಹರಿಯುವ ಇಳಿಜಾರು, ಗೋಡೆಯಿಂದ ಆಚೆಗೆ ಅಡಿಗೆ ಕಾಲು ಇಂಚು. 12 ಅಡಿಗೆ ಮೂರು ಇಂಚು. ನುಣುಪು ಟೈಲ್ಸ್ ಆಗಿದ್ದರೆ ಅದರ ಅರ್ಧ ಸಾಕಿತ್ತು, ಒರಟು ಕಲ್ಲಿನಲ್ಲಿ ನೀರು ತಡೆದು ನಿಲ್ಲುತ್ತದೆ ಅಂತ ಮೇಸ್ತ್ರಿ ಜಾಸ್ತಿ ಕೇಳಿದರು. ಗೋಡೆ ಹತ್ತಿರ ಕಲ್ಲಿನ ಮೇಲ್ಮಟ್ಟ ಮನೆ ನೆಲಕ್ಕಿಂತ ಹತ್ತು ಇಂಚು ಕೆಳಗೆ ಇರಬೇಕು. ಇದಕ್ಕೆ ಕಾರಣ ತೇವ. ಪಾಯದ ಮೇಲೆ ತೇವ ತಡೆಯಲು ಹಾಕಿರುವ ಪದರಕ್ಕಿಂತ ಕಡಿಮೆ ಅಂದರೂ ಆರು ಇಂಚು ಕೆಳಗೆ ಹೊರಗಿನ ನೆಲ ನಿಲ್ಲಬೇಕು. ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಹಾಸಿದರೂ ಒಳಗೋಡೆ ಬೆವರುತ್ತದೆ. ಹತ್ತು ಇಂಚು ಬಿಟ್ಟರೆ ಅಪ್ಪನ ಮಂಡಿಗೂ ಐದೈದು ಇಂಚಿನ ಎರಡು ಸುಲಭ ಹೆಜ್ಜೆ ಸಿಗುತ್ತದೆ.

ಹಣದ ವಿಷಯದಲ್ಲಿ ನಾನು ಹಟ ಹಿಡಿದೆ, ಕೆಲಸದ ಹಂತ ಮುಗಿದ ಮೇಲೆ ಕೊಡುತ್ತೇನೆ ಅಂತ. ಮೇಸ್ತ್ರಿ ಸಮಾಧಾನವಾಗಿಯೇ ಹೇಳಿದರು: "ಅಕ್ಕ, ನಿಮ್ಮ ಮಾತು ಸರಿ. ಆದ್ರೆ ಶನಿವಾರ ಸಂಜೆ ಆಳುಗಳಿಗೆ ಬಟವಾಡೆ ಮಾಡ್ಬೇಕು. ಅವರು ಹಂತ ಗಿಂತ ಕೇಳಲ್ಲ, ಅಕ್ಕಿ ಬೇಕು." ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ಹಂತವನ್ನೇ ಶನಿವಾರಕ್ಕೆ ಹೊಂದಿಸಿದೆವು. ಅಡ್ವಾನ್ಸ್ 3,000. ಕಾಂಕ್ರೀಟ್ ಆಗುವ ಶನಿವಾರ 9,000. ಕಲ್ಲು ಕೂರುವ ಶನಿವಾರ 9,000. ಉಳಿದ 6,000 ನೀರು ಹರಿದು ತೋರಿಸಿದ ಮೇಲೆ. ನಾನು "ಮೊದಲ ಮಳೆ ಬಂದ ಮೇಲೆ" ಅಂತ ಬರೆಸಲು ಹೊರಟಿದ್ದೆ. ಫೆಬ್ರವರಿಯಲ್ಲಿ ಮುಗಿದ ಕೆಲಸಕ್ಕೆ ಮೇ ತನಕ ಅವರ ದುಡ್ಡು ಹಿಡಿದಿಡುವುದು ನ್ಯಾಯವಲ್ಲ ಅಂತ ಅಪ್ಪ ತಡೆದರು. ಮಳೆಯನ್ನು ನಾವೇ ಸುರಿಯೋಣ, ಮೂರು ಡ್ರಮ್ಮು ನೀರು, ಅಂತ ಒಪ್ಪಂದವಾಯಿತು.

ದಿನಾಂಕವೂ ಯೋಚಿಸಿಯೇ ಇಟ್ಟೆವು. ಸಂಕ್ರಾಂತಿಗೆ ಆಳುಗಳು ಊರಿಗೆ ಹೋಗುತ್ತಾರೆ. ಶಿವರಾತ್ರಿ ಸಮಯದಲ್ಲಿ ನಂದಿ ತೇರು, ಆಗಲೂ ಯಾರೂ ಸಿಗುವುದಿಲ್ಲ. ಎರಡರ ನಡುವೆ, 2025ರ ಜನವರಿ 27ರ ಸೋಮವಾರ ಶುರು.

ಕೆಲಸ

ಕಲ್ಲು ಆರಿಸಲು ನಾನೇ ಯಾರ್ಡ್‌ಗೆ ಹೋದೆ, ಮೇಸ್ತ್ರಿ ಜೊತೆ ಬಂದರು. ಎರಡು ಅಡಿಗೆ ಒಂದೂವರೆ ಅಡಿಯ ಚಪ್ಪಡಿ, 80 ಸಾಕು, ಒಡೆಯುವುದಕ್ಕೆ ಅಂತ 85 ತೆಗೆದುಕೊಂಡೆವು. ಪ್ರತಿ ಕಲ್ಲನ್ನೂ ಎತ್ತಿ ನಿಲ್ಲಿಸಿ ಸುತ್ತಿಗೆಯಿಂದ ತಟ್ಟಿ ನೋಡಿದರು. ಗಂಟೆಯ ಹಾಗೆ ಕಣಕಣ ಅಂದರೆ ಒಳ್ಳೆಯದು. ಮೊಂಡು ಸದ್ದು ಬಂದರೆ ಒಳಗೆ ಬಿರುಕಿದೆ ಅಂತ ಬದಿಗೆ ಇಡುತ್ತಿದ್ದರು. ಅಂಥವು ಏಳು ಸಿಕ್ಕವು. ಒಂದೊಂದು ಚಪ್ಪಡಿ 38 ಕೆಜಿ ಹತ್ತಿರ ತೂಗುತ್ತದೆ. 240 ಚದರಡಿಗೆ ಮೂರು ಟನ್ ಕಲ್ಲು. ಇಷ್ಟು ಭಾರ ಹೊರುವ ನೆಲ ಗಟ್ಟಿಯಾಗಿರಬೇಕು ಅನ್ನುವುದು ಆ ಲೋಡ್ ಇಳಿಯುವಾಗ ಕಣ್ಣಿಗೇ ಕಂಡಿತು.

ಮೂರನೇ ದಿನ ತೊಂದರೆ ಬಂತು. ತೆಂಗಿನ ಮರದ ಕಡೆ ಅಗೆಯುವಾಗ ಹಾರೆ ಮೊಳದುದ್ದ ಸುಮ್ನೆ ಒಳಗೆ ಇಳಿಯಿತು. ಅಪ್ಪನಿಗೆ ಆಗ ನೆನಪಾಯಿತು. ಮನೆ ಕಟ್ಟುವ ಮೊದಲು ಅಲ್ಲಿ ತಿಪ್ಪೆಗುಂಡಿ ಇತ್ತು. ಸುಮಾರು ಐದಡಿ ಅಗಲದ ಜಾಗ, ಕಪ್ಪು ಸಡಿಲ ಮಣ್ಣು. ಇದು ಕಾಗದದಲ್ಲಿ ಇರಲಿಲ್ಲ. ಮೇಸ್ತ್ರಿ ಕೆಲಸ ನಿಲ್ಲಿಸಿ ನನಗೆ ಫೋನ್ ಮಾಡಿದರು, ವಿಡಿಯೋದಲ್ಲಿ ಹಾರೆ ಇಳಿಸಿ ತೋರಿಸಿದರು. ಮುಚ್ಚಿಹಾಕಿ ಮುಂದೆ ಹೋಗಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಎರಡು ವರ್ಷದ ಮೇಲೆ ಅಲ್ಲಿ ಕಲ್ಲು ಕುಸಿಯುತ್ತಿತ್ತು. ಗಟ್ಟಿ ನೆಲ ಸಿಗುವವರೆಗೆ ಎರಡೂವರೆ ಅಡಿ ತೆಗೆದು, ಕ್ರಶರ್ ಪುಡಿ, ಜಲ್ಲಿ ಹಾಕಿ, ಆರಾರು ಇಂಚಿಗೆ ನೀರು ಬಿಟ್ಟು ದಿಮ್ಮಸು ಹೊಡೆದರು. ಒಂದೇ ಸಲ ಪೂರ್ತಿ ತುಂಬಿ ಮೇಲೆ ಮಾತ್ರ ಬಡಿದರೆ ಕೆಳಗೆ ಪೊಳ್ಳು ಉಳಿಯುತ್ತದೆ. ಇದಕ್ಕೆ 1,800 ಹೆಚ್ಚು ಕೇಳಿದರು. ಕಾಗದದ ಹಿಂಬದಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು.

ಫೆಬ್ರವರಿ 1ರ ಶನಿವಾರ ಕಾಂಕ್ರೀಟ್. ಮನೆ ಗೋಡೆಗೂ ಕಾಂಕ್ರೀಟಿಗೂ ನಡುವೆ ಅರ್ಧ ಇಂಚು ಥರ್ಮಾಕೋಲ್ ಇಟ್ಟರು. ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿದಾಗ ಗೋಡೆಯನ್ನು ತಳ್ಳಬಾರದು ಅಂತ. 20 ಅಡಿಯ ಮಧ್ಯದಲ್ಲಿ ಒಂದು ಸಂದು ಬಿಟ್ಟರು. ವಾಟವನ್ನು ಕಾಂಕ್ರೀಟಿನಲ್ಲೇ ಕೊಟ್ಟರು. ಕೆಲವರು ಕಾಂಕ್ರೀಟ್ ಮಟ್ಟವಾಗಿ ಹಾಕಿ ಗಾರೆಯಲ್ಲಿ ಇಳಿಜಾರು ತರುತ್ತಾರೆ. ಆಗ ಒಂದು ಕಡೆ ಗಾರೆ ದಪ್ಪ, ಇನ್ನೊಂದು ಕಡೆ ತೆಳು, ಕಲ್ಲು ಒಂದೇ ಸಮ ಕೂರುವುದಿಲ್ಲ.

ಕ್ಯೂರಿಂಗ್ ಅಪ್ಪನ ಕೆಲಸ. ಗೋಣಿಚೀಲ ಹಾಸಿ ಬೆಳಿಗ್ಗೆ, ಸಂಜೆ ನೀರು ಹಾಕುತ್ತಿದ್ದರು. ಆ ನಾಲ್ಕೈದು ದಿನದಲ್ಲಿ ಆಳುಗಳು ಇಂಗುಗುಂಡಿ ತೋಡಿ, ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕಿಂತ ಮೇಲೆ ಮರಳು ಹಾಕಿದರು. ಗುಂಡಿಗೆ ಮೊದಲು ಒಂದು ಸಣ್ಣ ಚೇಂಬರ್ ಇದೆ. ಕಸ, ಮಣ್ಣು ಅಲ್ಲೇ ನಿಲ್ಲುತ್ತದೆ, ಕೈಯಲ್ಲಿ ತೆಗೆಯಬಹುದು.

ಕಲ್ಲು ಕತ್ತರಿಸುವ ದಿನ ಒಂದು ಮಾತು ಜೋರಾಗಿಯೇ ಹೇಳಬೇಕಾಯಿತು. ಹುಡುಗನೊಬ್ಬ ಮೂಗಿಗೆ ಏನೂ ಕಟ್ಟದೆ ಒಣ ಕಲ್ಲಿಗೆ ಕಟಿಂಗ್ ಮಷಿನ್ ಹಿಡಿದಿದ್ದ. ಬಿಳೀ ಪುಡಿ ಮೋಡದ ಹಾಗೆ ಏಳುತ್ತಿತ್ತು. ಗ್ರಾನೈಟ್ ಪುಡಿಯಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಲ್ಲಿ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆ ಅಲ್ಲ. ಕೆಲಸ ನಿಲ್ಲಿಸಿ ಮಾಸ್ಕ್ ತರಿಸಿದೆ. ಒಬ್ಬರು ಪೈಪಿನಲ್ಲಿ ನೀರು ಬಿಡುತ್ತಾ, ಇನ್ನೊಬ್ಬರು ಕತ್ತರಿಸುವುದು ಅಂತ ಮಾಡಿದೆವು. ಕರೆಂಟಿನ ಮಷಿನ್ ಆದ್ದರಿಂದ ನೀರು ಕಲ್ಲಿನ ಮೇಲೆ ಮಾತ್ರ ಬೀಳುವ ಹಾಗೆ ದೂರದಿಂದ ಬಿಟ್ಟರು. ಅರ್ಧ ಗಂಟೆ ಜಾಸ್ತಿ ಹಿಡಿಯಿತು, ಅಷ್ಟೇ. ಆ ಹುಡುಗನಿಗೆ ಕಟ್ಟಡ ಕಾರ್ಮಿಕರ ಕಾರ್ಡ್ ಇರಲಿಲ್ಲ. ಹದಿನೆಂಟು ತುಂಬಿ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಮಾಡಿಸಬಹುದು. ಅರ್ಜಿಗೆ ಬೇಕಾದ ಕಾಗದಗಳನ್ನು ಅಪ್ಪ ಕೂತು ಜೋಡಿಸಿಕೊಟ್ಟರು.

ಕಲ್ಲು ಕೂರಿಸಲು ಮೂರು ದಿನ ಹಿಡಿಯಿತು. ಎರಡೂ ಕಡೆ ದಾರ ಕಟ್ಟಿ, ಗೋಡೆ ಕಡೆಯಿಂದ ಶುರುಮಾಡಿ, ಪ್ರತಿ ಕಲ್ಲಿಗೂ ರಸಮಟ್ಟ ಇಟ್ಟು ನೋಡುತ್ತಿದ್ದರು. ಸಂದಿಗೆ ಗಾರೆ ತುಂಬುವ ಮೊದಲು, ಬೆಳಿಗ್ಗೆ ಬೆಳಿಗ್ಗೆಯೇ, ಚೊಂಬಿನಲ್ಲಿ ನೀರು ಸುರಿದು ನೋಡಿ ಅಂತ ನನಗೆ ಹೇಳಿದ್ದರು. ಹಾಗೇ ಮಾಡಿದೆ. ಹಿಂದಿನ ದಿನ ಕೂರಿಸಿದ ಸಾಲಿನಲ್ಲಿ ಮೂರು ಕಲ್ಲಿನ ನಡುವೆ ಅಂಗೈಯಷ್ಟು ನೀರು ನಿಂತಿತು. ತೋರಿಸಿದೆ. ಮೇಸ್ತ್ರಿ ಬಗ್ಗಿ ನೋಡಿ, ಒಂದೂ ಮಾತಾಡದೆ ಮೂರನ್ನೂ ಎತ್ತಿಸಿದರು. ಸಂದು ತುಂಬಿ ಒಣಗಿದ ಮೇಲಾಗಿದ್ದರೆ ಕಲ್ಲು ಒಡೆಯದೆ ಎತ್ತುವುದು ಕಷ್ಟವಾಗುತ್ತಿತ್ತು.

ಚಪ್ಪರದ ಯೋಚನೆ ನಮಗೆ ಮೊದಲು ಇರಲಿಲ್ಲ. ನಮ್ಮ ಸಂಬಂಧಿಕರೊಬ್ಬರು ದ್ರಾಕ್ಷಿ ತೋಟ ತೆಗೆದು ಹೂವಿಗೆ ಹೋಗಿದ್ದರು. ತೋಟದ ಕಲ್ಲುಕಂಬಗಳು ಬದುವಿನಲ್ಲಿ ರಾಶಿ ಬಿದ್ದಿದ್ದವು. ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರ ಹೊತ್ತ ಕಂಬಗಳು. ನಾಲ್ಕು ಕೊಟ್ಟರು. ತಂದು ನಿಲ್ಲಿಸಿ ತಂತಿ ಎಳೆಯಲು 3,200 ಆಯಿತು. ಅಮ್ಮ ಒಂದು ದ್ರಾಕ್ಷಿ ಬಳ್ಳಿಯನ್ನೇ ನೆಟ್ಟಿದ್ದಾರೆ.

ಖರ್ಚು

ಕಲ್ಲು 21,675, ಅದರ ಸಾಗಣೆ 2,500. ಸಿಮೆಂಟ್ 8,000. ಎಂ-ಸ್ಯಾಂಡ್ ಒಂದು ಲೋಡ್ 6,500. ಜಲ್ಲಿ, ಕ್ರಶರ್ ಪುಡಿ ಎರಡು ಲೋಡ್ 10,500. ಗುಂಡಿಗೆ ದಪ್ಪ ಕಲ್ಲು 3,000. ಪೈಪು, ಜಾಲರಿ 2,400. ಲೇಬರ್ 27,000, ತಿಪ್ಪೆಗುಂಡಿಯ 1,800, ಚಪ್ಪರದ 3,200. ಒಟ್ಟು 86,575 ರೂಪಾಯಿ. ಮೊದಲ ಸಲ ಕಳೆದ 6,000 ಇದರಲ್ಲಿ ಸೇರಿಲ್ಲ. ಇದು ಸಣ್ಣ ಮೊತ್ತವಲ್ಲ, ಚೀಟಿ ಎತ್ತಿ ಹೊಂದಿಸಿದ್ದು. ಕಡಿಮೆ ದುಡ್ಡಿದ್ದರೆ ನಾನು ಜಾಗ ಅರ್ಧ ಮಾಡುತ್ತಿದ್ದೆ, ಚಪ್ಪರ ಬಿಡುತ್ತಿದ್ದೆ. ಕಾಂಕ್ರೀಟ್, ವಾಟ, ಗುಂಡಿ ಬಿಡುತ್ತಿರಲಿಲ್ಲ.

ಮೂರು ಡ್ರಮ್ಮು

ಫೆಬ್ರವರಿ 15ರ ಶನಿವಾರ ಬೆಳಿಗ್ಗೆ ಗೋಡೆಯ ಪಕ್ಕ 200 ಲೀಟರಿನ ಮೂರು ಡ್ರಮ್ಮು ಸಾಲಾಗಿ ಇಟ್ಟು ತುಂಬಿಸಿದೆವು. ಒಂದು ಇಂಚು ಮಳೆಗಿಂತ ಸ್ವಲ್ಪ ಜಾಸ್ತಿ. ಪಕ್ಕದ ಮನೆಯವರೂ ಕಾಂಪೌಂಡ್ ಮೇಲಿಂದ ನೋಡುತ್ತಿದ್ದರು. ಮೇಸ್ತ್ರಿ ಒಂದೊಂದಾಗಿ ಬಗ್ಗಿಸಿದರು. ನೀರು ಹಾಳೆಯ ಹಾಗೆ ಜಾರಿ ಮೋರಿಗೆ ಬಿತ್ತು, ಮೋರಿಯಿಂದ ಚೇಂಬರ್, ಚೇಂಬರ್‌ನಿಂದ ಗುಂಡಿ. ಗೋಡೆ ಬುಡದಲ್ಲಿ ತೇವ ಬಿಟ್ಟರೆ ಏನೂ ಉಳಿಯಲಿಲ್ಲ. ಗುಂಡಿ ಉಕ್ಕಲಿಲ್ಲ. 6,000 ಎಣಿಸಿ ಕೊಟ್ಟೆ. ಅಮ್ಮ ಎಲ್ಲರಿಗೂ ಕಾಫಿ, ಮೇಸ್ತ್ರಿಗೆ ಎಲೆ ಅಡಿಕೆ ಕೊಟ್ಟರು.

ನಿಜವಾದ ಮಳೆ ಬಂದದ್ದು ಮೇ ಮೂರನೇ ವಾರ, ರಾತ್ರಿ. ನಾನು ಬೆಂಗಳೂರಿನಲ್ಲಿದ್ದೆ, ಅಲ್ಲಿ ರಸ್ತೆಗಳೇ ಮುಳುಗಿದ್ದವು. ಅಪ್ಪ ಟಾರ್ಚ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು ಫೋನ್ ಮಾಡಿದರು. ಗುಂಡಿ ತುಂಬಿ ಬಾಳೆ ಪಾತಿಗೆ ಉಕ್ಕಿದೆ, ಗೋಡೆ ಹತ್ತಿರ ಒಂದು ಹನಿ ನಿಂತಿಲ್ಲ ಅಂದರು. ಬೆಳಿಗ್ಗೆ ನೋಡಿದರೆ ಚೇಂಬರ್‌ನಲ್ಲಿ ಎರಡು ಇಂಚು ಕೆಸರು, ತೆಂಗಿನ ಗರಿಯ ಚೂರು. ತೆಗೆದು ತೊಳೆದರು. ತಿಂಗಳಿಗೊಮ್ಮೆ ಅದನ್ನು ನೋಡಬೇಕು.

ಒಂದು ಕಲ್ಲು ಮಾತ್ರ, ಪಾತ್ರೆ ತೊಳೆಯುವ ಜಾಗದ ಪಕ್ಕದ್ದು, ಕಾಲಿಟ್ಟರೆ ಟೊಳ್ಳು ಸದ್ದು ಮಾಡುತ್ತಿತ್ತು. ಕೆಳಗೆ ಗಾರೆ ಪೂರ್ತಿ ಹಿಡಿದಿರಲಿಲ್ಲ. ಜೂನ್‌ನಲ್ಲಿ ಫೋನ್ ಮಾಡಿದೆವು. ಮೇಸ್ತ್ರಿ ಭಾನುವಾರ ಬೆಳಿಗ್ಗೆ ಒಬ್ಬರೇ ಬಂದು, ಅಪ್ಪನ ಕೈಯಲ್ಲಿ ಹಾರೆ ಹಿಡಿಸಿ ಅದನ್ನು ಎತ್ತಿ, ಹೊಸ ಗಾರೆ ಹಾಕಿ ಕೂರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. "ಎರಡು ದಿನ ಇದರ ಮೇಲೆ ಕಾಲಿಡ್ಬೇಡಿ ಅಮ್ಮ" ಅಂತ ಹೇಳಿ, ಕಲ್ಲಿನ ಮೇಲೆ ಒಂದು ಕುಕ್ಕೆ ಬೋರಲು ಹಾಕಿ ಹೋದರು.